‘ಲಿಂ.’ ಅಂದರೆ ಲಿಂಗಪ್ಪ ಅಲ್ಲ
ಓದುಗರ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಮನೆತನದ ವಂಶಾವಳಿ ಬರೆದಿಡುವ ಬಗ್ಗೆ ನಾಲ್ಕು ಮಾತು ಬರೆದಿದ್ದೆ. ಅದಕ್ಕೆ ಬಳ್ಳಾರಿ, ರಾಯಚೂರು, ಕೊಪ್ಪಳದಿಂದ ಬಂದ ಪತ್ರಗಳನ್ನು ಓದುತ್ತಾ ಕೂತರೆ ಎಲ್ಲರ ತೊಡಕೂ ಹತ್ತಿರ ಹತ್ತಿರ ಒಂದೇ. ಹಳೇ ಪುಸ್ತಕ ಸಿಕ್ಕಿದೆ, ಗೋರಿಯ ಕಲ್ಲು ಸಿಕ್ಕಿದೆ, ಆದರೆ ಬರೆದವರು ಪೂರ್ತಿ ಪದ ಬರೆದಿಲ್ಲ. ಅರ್ಧ ಅಕ್ಷರ, ಒಂದು ಚುಕ್ಕಿ, ಎರಡು ಗೀಟು ಹಾಕಿ ಮುಂದೆ ಹೋಗಿಬಿಟ್ಟಿದ್ದಾರೆ. ಅವುಗಳಲ್ಲಿ ಐದು ಪ್ರಶ್ನೆ ಇಲ್ಲಿವೆ. ಹೆಸರುಗಳನ್ನು ಬಿಟ್ಟಿದ್ದೇನೆ, ಇಲ್ಲವೇ ಬದಲಿಸಿದ್ದೇನೆ.

ಪ್ರಶ್ನೆ: ಮೇಡಂ, ನಮ್ಮ ತಾಯಿಯ ಕಡೆಯವರು ಆಂಗ್ಲೋ ಇಂಡಿಯನ್ನರು, ಬಳ್ಳಾರಿ ಕಂಟೋನ್ಮೆಂಟಿನಲ್ಲಿ ಇದ್ದವರು. ಚರ್ಚಿನ ಹಳೇ ರಿಜಿಸ್ಟರಿನಲ್ಲಿ 1877ರ ಒಂದು ಸಾಲು ಸಿಕ್ಕಿತು. ಹೆಸರು ‘ಜೆ-ಎ-ಎಸ್’, ಆಮೇಲೆ ‘ಎಸ್ ಆಫ್ ಜಿ-ಆರ್, ಆರ್.ಎ.’, ವಯಸ್ಸಿನ ಕಡೆ ‘11 ಡಿ’, ಕೊನೆಗೆ ‘ಕಾನ್ವ್.’. ನಾನು ಇದನ್ನು ‘ಜೇಸನ್, ಗ್ರೆಗರಿಯ ಮಗ, 11 ವರ್ಷ, ಕೈದಿ’ ಅಂತ ಬರೆದುಕೊಂಡೆ. ಮನೆಯಲ್ಲಿ ಈಗ ದೊಡ್ಡ ಗಲಾಟೆ. ನಮ್ಮ ವಂಶದಲ್ಲಿ ಹನ್ನೊಂದು ವರ್ಷದ ಹುಡುಗ ಜೈಲಿಗೆ ಹೋಗಿದ್ದನಾ ಅಂತ ಚಿಕ್ಕಮ್ಮ ಅಳುತ್ತಿದ್ದಾರೆ.
– ಕೌಲ್ ಬಜಾರ್, ಬಳ್ಳಾರಿ

ಉತ್ತರ: ಮೊದಲು ಚಿಕ್ಕಮ್ಮನಿಗೆ ಹೇಳಿ, ಯಾರೂ ಜೈಲಿಗೆ ಹೋಗಿರಲಿಲ್ಲ. ನೀವು ಕಳಿಸಿದ ಫೋಟೋವನ್ನು ದೊಡ್ಡದು ಮಾಡಿ ಮೂರು ಸಲ ನೋಡಿದೆ. ಅದು ಹುಟ್ಟಿ ಹನ್ನೊಂದು ದಿನಕ್ಕೆ ತೀರಿಕೊಂಡ ಮಗು.

‘ಜೆ-ಎ-ಎಸ್’ ಅಂದರೆ ಜೇಮ್ಸ್. ಆ ಕಾಲದ ಇಂಗ್ಲಿಷ್ ಬರವಣಿಗೆಯಲ್ಲಿ ಹೆಸರಿನ ಮೊದಲ ಒಂದೆರಡೋ ಮೂರೋ ಅಕ್ಷರ ಬರೆದು ಕೊನೆಯ ಅಕ್ಷರವನ್ನು ಚಿಕ್ಕದಾಗಿ ಮೇಲಕ್ಕೆ ಎತ್ತಿ, ಅದರ ಕೆಳಗೆ ಒಂದು ಚುಕ್ಕಿಯನ್ನೋ ಗೀಟನ್ನೋ ಎಳೆಯುವ ರೂಢಿ ಇತ್ತು. ‘ಡಬ್ಲ್ಯೂ-ಎಂ’ ವಿಲಿಯಂ, ‘ಟಿ-ಎಚ್-ಒ-ಎಸ್’ ಥಾಮಸ್, ‘ಸಿ-ಎಚ್-ಎ-ಎಸ್’ ಚಾರ್ಲ್ಸ್. ಜಾಸ್ತಿ ಜನ ಎಡವುವುದು ‘ಜೆ-ಎನ್-ಒ’ ಹತ್ತಿರ. ಅದನ್ನು ಜೊನಾಥನ್ ಅಂತ ಓದುತ್ತಾರೆ, ಅದು ಜಾನ್. ‘ಜಿ-ಆರ್’ ಗ್ರೆಗರಿ ಅಲ್ಲ, ಗನ್ನರ್. ‘ಆರ್.ಎ.’ ಅಂದರೆ ರಾಯಲ್ ಆರ್ಟಿಲರಿ. ಮಗುವಿನ ಅಪ್ಪ ತೋಪಿನ ಪಡೆಯ ಸಿಪಾಯಿ. ಅಪ್ಪನ ಹೆಸರನ್ನು ಬರೆದವರು ಈ ಸಾಲಿನಲ್ಲಿ ಹಾಕಿಯೇ ಇಲ್ಲ, ಹುದ್ದೆ ಮಾತ್ರ ಹಾಕಿದ್ದಾರೆ. ನಿಮ್ಮ ವಂಶವೃಕ್ಷದಿಂದ ಗ್ರೆಗರಿಯನ್ನು ದಯವಿಟ್ಟು ತೆಗೆಯಿರಿ. ಅಂಥ ಮನುಷ್ಯ ಇರಲೇ ಇಲ್ಲ.

‘ಕಾನ್ವ್.’ ಅಂದರೆ ಕನ್ವಲ್ಷನ್, ಅಂದರೆ ಫಿಟ್ಸ್. ಆಗ ಕೈಗೂಸು ಜ್ವರ ಏರಿ, ಮೈ ಸೆಟೆದು ತೀರಿಕೊಂಡರೆ ಕಾರಣದ ಕಡೆ ಇದನ್ನೇ ಬರೆಯುತ್ತಿದ್ದರು. ಕಣ್ಣಿಗೆ ಕಂಡದ್ದನ್ನು ಬರೆದರು, ಒಳಗಿನ ರೋಗ ಯಾವುದು ಅಂತ ಅದರಿಂದ ತಿಳಿಯುವುದಿಲ್ಲ. ದೊಡ್ಡವರ ಸಾಲುಗಳಲ್ಲಿ ಇದೇ ತರಹ ‘ಪಿ-ಎಚ್-ಟಿ-ಎಚ್’ ಬರುತ್ತದೆ, ಅದು ಥೈಸಿಸ್, ಈಗ ನಾವು ಟಿ.ಬಿ. ಅನ್ನುವುದು. ‘ಕಾಲ್.’ ಕಾಲರಾ. ‘ಡಿಸ್.’ ಆಮಶಂಕೆ ಭೇದಿ. 1877 ನಮ್ಮ ಜಿಲ್ಲೆಗೆ ಎಂಥ ವರ್ಷ ಅಂತ ಹೇಳಬೇಕಿಲ್ಲ ಅಲ್ವಾ, ಧಾತು ಸಂವತ್ಸರದ ದೊಡ್ಡ ಬರದ ಕಾಲ ಅದು, ಆ ರಿಜಿಸ್ಟರಿನ ಹಿಂದಿನ ಮುಂದಿನ ಹಾಳೆಗಳನ್ನು ತಿರುಗಿಸಿದರೆ ಕಾರಣದ ಕಡೆ ಏನೇನಿದೆ ನೀವೇ ನೋಡುತ್ತೀರಿ.

ಇನ್ನು ‘ಡಿ’. ಅದು ದಿನ ಅಂತ ನನಗೆ ಹೇಗೆ ಗೊತ್ತಾಯಿತು? ಆ ಒಂದು ಸಾಲಿನಿಂದಲ್ಲ. ಅದೇ ಹಾಳೆಯಲ್ಲಿ, ಅದೇ ಕೈ ಬರೆದ ಬೇರೆ ಏಳು ಸಾಲು ಇವೆ. ಒಬ್ಬ ಪ್ರೈವೇಟಿನ, ಅಂದರೆ ಸಾಮಾನ್ಯ ಸಿಪಾಯಿಯ, ಮುಂದೆ ‘24 ವೈ’ ಅಂತಿದೆ, ವೈ ಅಕ್ಷರದ ಬಾಲ ಎಡಕ್ಕೆ ಸುತ್ತಿಕೊಂಡು ಕೆಳಗಿನ ಗೀಟು ದಾಟಿದೆ. ಇನ್ನೊಂದು ಮಗುವಿನ ಮುಂದೆ ‘7 ಎಂ’ ಇದೆ. ನಿಮ್ಮ ಸಾಲಿನ ಅಕ್ಷರದ ಕಡ್ಡಿ ಮೇಲಕ್ಕೆ ಹೋಗಿದೆ, ಕೆಳಗೆ ಬಾಲವೇ ಇಲ್ಲ. ವರ್ಷಕ್ಕೆ ವೈ, ತಿಂಗಳಿಗೆ ಎಂ, ದಿನಕ್ಕೆ ಡಿ. ಒಂದು ಅಕ್ಷರ ತಿಳಿಯದಿದ್ದರೆ ಆ ಸಾಲನ್ನೇ ದಿಟ್ಟಿಸುತ್ತಾ ಕೂರಬೇಡಿ. ಬರೆದ ಮನುಷ್ಯ ಬೇರೆ ಕಡೆ ಅದನ್ನೇ ಹೇಗೆ ಬರೆದಿದ್ದಾನೆ ಅಂತ ಹುಡುಕಿ. ಕೀಲಿ ಇರುವುದು ಅಲ್ಲೇ.

ನಾನೂ ಹೀಗೇ ತಪ್ಪು ಮಾಡಿದ್ದೇನೆ. ಬಹಳ ವರ್ಷದ ಹಿಂದೆ ‘ಐ-ಎನ್-ಎಫ್’ ಅನ್ನುವುದನ್ನು ಇನ್ಫೆಂಟ್ರಿ ಅಂತ ಓದಿ, ಒಬ್ಬರಿಗೆ ನಿಮ್ಮ ಮುತ್ತಾತನ ಅಣ್ಣ ಕಾಲ್ದಳದ ಸಿಪಾಯಿ ಅಂತ ಬರೆದು ಕೊಟ್ಟೆ. ಅದು ಇನ್ಫೆಂಟ್, ಕೈಗೂಸು. ಅವರು ಅದನ್ನು ಅಚ್ಚು ಹಾಕಿಸಿ ನೆಂಟರಿಗೆಲ್ಲ ಹಂಚಿಬಿಟ್ಟಿದ್ದರು. ಆಮೇಲೆ ತಿದ್ದಿ ಕಳಿಸಿದೆ, ಆದರೆ ಹಂಚಿದ ಪ್ರತಿ ವಾಪಸ್ ಬರುತ್ತದಾ? ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಇನ್ನೆರಡು ಅಕ್ಷರಗಳ ಬಗ್ಗೆ ಹುಷಾರು. ‘ಡಿ-ಆರ್’ ಅಂತ ಇದ್ದರೆ ಡಾಕ್ಟರ್ ಅಂತ ಖುಷಿಪಡಬೇಡಿ, ಪಲ್ಟಣದ ಪುಸ್ತಕದಲ್ಲಿ ಅದು ಡ್ರಮ್ಮರ್ ಕೂಡ ಆಗಬಹುದು. ‘ಇ.ಐ.’ ಅಂತ ಇದ್ದರೆ ಅದು ಈಸ್ಟ್ ಇಂಡಿಯಾ ಕಂಪನಿಯೇ ಆಗಬೇಕಿಲ್ಲ, ಈಸ್ಟ್ ಇಂಡಿಯನ್ ಆಗಿರಬಹುದು. ಈಗ ಆಂಗ್ಲೋ ಇಂಡಿಯನ್ ಅನ್ನುವವರನ್ನು ಆಗ ಹಾಗೆ ಕರೆಯುತ್ತಿದ್ದರು, ಆಂಗ್ಲೋ ಇಂಡಿಯನ್ ಅನ್ನುವ ಹೆಸರು ಸರ್ಕಾರಿ ಕಾಗದದಲ್ಲಿ ಈ ಅರ್ಥಕ್ಕೆ ನಿಂತದ್ದು 1911ರ ಜನಗಣತಿಯಲ್ಲಿ. ನಿಮ್ಮ ಮನೆತನಕ್ಕೆ ಈ ಎರಡಕ್ಷರ ಬಹಳ ಮುಖ್ಯ, ಸಿಕ್ಕ ಕಡೆಯಲ್ಲೆಲ್ಲ ಗುರುತು ಮಾಡಿಕೊಳ್ಳಿ.

ಪ್ರಶ್ನೆ: ನಮ್ಮದು ಕ್ಯಾಥೊಲಿಕ್ ಮನೆತನ. ಹಳೇ ಪುಸ್ತಕ ಲ್ಯಾಟಿನ್‌ನಲ್ಲಿದೆ. ಅಜ್ಜನ ಅಕ್ಕ ತೀರಿಕೊಂಡದ್ದು ‘8ಬ್ರಿಸ್’ ಅಂತಿದೆ. ಎಂಟನೇ ತಿಂಗಳು, ಅಂದರೆ ಆಗಸ್ಟ್ ತಾನೇ?
– ಬಳ್ಳಾರಿ

ಉತ್ತರ: ಅಲ್ಲ, ಅಕ್ಟೋಬರ್. ಲ್ಯಾಟಿನ್‌ನಲ್ಲಿ ಸೆಪ್ಟೆಮ್ ಅಂದರೆ ಏಳು, ಅಕ್ಟೋ ಅಂದರೆ ಎಂಟು, ನೊವೆಮ್ ಒಂಬತ್ತು, ಡಿಸೆಮ್ ಹತ್ತು. ಹಳೇ ರೋಮನ್ ಲೆಕ್ಕದಲ್ಲಿ ವರ್ಷ ಮಾರ್ಚಿಗೆ ಶುರುವಾಗುತ್ತಿತ್ತು, ಆ ಹೆಸರುಗಳೇ ಉಳಿದವು. ಪಾದ್ರಿಗಳು ಪೂರ್ತಿ ಬರೆಯುವ ಬದಲು ಅಂಕಿ ಹಾಕಿ ಬಾಲ ಸೇರಿಸುತ್ತಿದ್ದರು. 7ಬ್ರಿಸ್ ಸೆಪ್ಟೆಂಬರ್, 9ಬ್ರಿಸ್ ನವೆಂಬರ್, 10ಬ್ರಿಸ್ ಡಿಸೆಂಬರ್. ಡಿಸೆಂಬರಿಗೆ ಹತ್ತರ ಬದಲು ರೋಮನ್ ಅಂಕಿಯ ಗುಣಿಸು ಗುರುತೂ ಇರಬಹುದು. ಅದೇ ಸಾಲಿನಲ್ಲಿ ‘ಒಬ್.’ ಇದ್ದರೆ ತೀರಿಕೊಂಡ ದಿನ, ‘ಸೆಪ್.’ ಇದ್ದರೆ ಮಣ್ಣು ಮಾಡಿದ ದಿನ. ಈ ‘ಸೆಪ್.’ ಅನ್ನು ಸೆಪ್ಟೆಂಬರ್ ಅಂದುಕೊಂಡವರು ಬಹಳ ಮಂದಿ. ‘ಉಕ್ಸ್.’ ಹೆಂಡತಿ. ‘ಫಿಲ್.’ ಮಗನೂ ಆಗಬಹುದು, ಮಗಳೂ ಆಗಬಹುದು, ಹೆಸರು ನೋಡಿ ತಿಳಿಯಬೇಕು.

ಪ್ರಶ್ನೆ: ಮೇಡಂ, ರಾಯಚೂರಿನಲ್ಲಿ ನಮ್ಮ ಅಬ್ಬಾಜಾನ್ ಕಡೆಯ ಹಿರಿಯರ ಎರಡು ಗೋರಿ ಇವೆ. ಎರಡರ ಕಲ್ಲಿನ ಮೇಲೂ 1300 ಅಂತಲೇ ಇದೆ. ಆದರೆ ಮನೆಯಲ್ಲಿ ದಾದಿಜಾನ್ ಹೇಳುವ ಪ್ರಕಾರ ಅಣ್ಣ ತೀರಿಕೊಂಡು ಏಳೆಂಟು ವರ್ಷ ಆದಮೇಲೆ ತಮ್ಮ ತೀರಿಕೊಂಡದ್ದು. ಕಲ್ಲು ಸುಳ್ಳಾ, ದಾದಿ ಸುಳ್ಳಾ? ನನಗೆ ಉರ್ದು ಅಷ್ಟಾಗಿ ಬರುವುದಿಲ್ಲ.
– ರಾಯಚೂರು

ಉತ್ತರ: ಇಬ್ಬರೂ ಸುಳ್ಳಲ್ಲ. ನಿಮ್ಮ ದಾದಿಜಾನ್ ನೆನಪು ಕಲ್ಲಿನಷ್ಟೇ ಗಟ್ಟಿ ಇದೆ.

ಅಂಕಿಯ ಪಕ್ಕದಲ್ಲಿ ಕೆತ್ತಿದ ಒಂಟಿ ಅಕ್ಷರ ನೋಡಿ. ಮೊದಲ ಕಲ್ಲಿನಲ್ಲಿ ‘ಹೇ’ ಇದೆ, ಎರಡು ಕಣ್ಣಿನ ಹೇ, ಅಂದರೆ ಹಿಜರಿ, ಮುಸ್ಲಿಮರ ಚಾಂದ್ರಮಾನದ ವರ್ಷ. ಎರಡನೆಯದರಲ್ಲಿ ‘ಫೇ’ ಇದೆ, ಒಂದು ಚುಕ್ಕಿಯದು, ಅಂದರೆ ಫಸಲಿ. ಹಿಜರಿ 1300 ಶುರುವಾದದ್ದು 1882ರ ನವೆಂಬರಿನಲ್ಲಿ. ಫಸಲಿ 1300 ಅಂದರೆ 1890–91. ಎಂಟು ವರ್ಷದ ಅಂತರ ಬಂತಲ್ಲ.

ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿ ಇದ್ದದ್ದರಿಂದ ಕಚೇರಿ ಕಾಗದದಲ್ಲಿ ಫಸಲಿ ವರ್ಷವೇ ನಡೆಯುತ್ತಿತ್ತು, ಅದು ಕಂದಾಯದ ಲೆಕ್ಕದ ವರ್ಷ. ಫಸಲಿ ಅಂಕಿಗೆ 590 ಕೂಡಿಸಿದರೆ ಇಸವಿ ಸಿಗುತ್ತದೆ, ಜನವರಿ ಬಂದಮೇಲಿನ ತಿಂಗಳುಗಳಾದರೆ 591. ಹಿಜರಿಗೆ ಹೀಗೆ ಒಂದೇ ಅಂಕಿ ಕೂಡಿಸಿದರೆ ಆಗುವುದಿಲ್ಲ, ಚಾಂದ್ರಮಾನದ ವರ್ಷ ಸುಮಾರು 354 ದಿನಕ್ಕೇ ಮುಗಿಯುವುದರಿಂದ ಅಂತರ ಕಡಿಮೆಯಾಗುತ್ತಾ ಬರುತ್ತದೆ, ಅದಕ್ಕೆ ಪಟ್ಟಿ ನೋಡಲೇಬೇಕು. ‘ಐನ್’ ಅಕ್ಷರ ಇದ್ದರೆ ಅದು ಇಸವಿಯೇ.

ಆ ಒಂಟಿ ಅಕ್ಷರ ಸವೆದು ಹೋಗಿದ್ದರೆ? ತಿಂಗಳ ಹೆಸರು ನೋಡಿ. ಮೊಹರಂ, ಸಫರ್, ರಜಬ್ ಅಂತಿದ್ದರೆ ಹಿಜರಿ. ಆಜುರ್, ದೈ, ಬಹಮನ್, ತೀರ್, ಆಬಾನ್ ಅಂತಿದ್ದರೆ ಹೈದರಾಬಾದಿನ ಫಸಲಿ, ಅಲ್ಲಿ ಪಾರಸಿ ತಿಂಗಳ ಹೆಸರು ಬಳಸುತ್ತಿದ್ದರು. ಅಂಕಿಯಲ್ಲೂ ಎಚ್ಚರ ಇರಲಿ. ಉರ್ದುವಿನ ಎರಡಕ್ಕೂ ಮೂರಕ್ಕೂ ಇರುವುದು ಒಂದು ಹಲ್ಲಿನ ವ್ಯತ್ಯಾಸ, ಮಳೆಗಾಳಿಗೆ ಆ ಹಲ್ಲು ಮೊದಲು ಹೋಗುತ್ತದೆ. ಹೆಸರಿನ ಮೇಲೆ ‘ರೇ’ ಮತ್ತು ‘ಹೇ’ (ಎರಡು ಕಣ್ಣಿನದಲ್ಲ, ಬಡೀ ಹೇ) ಕೂಡಿಸಿ ಚಿಕ್ಕದಾಗಿ ಕೆತ್ತಿದ್ದರೆ ಅದು ಹೆಸರಿನ ಭಾಗ ಅಲ್ಲ. ರಹಮತುಲ್ಲಾಹಿ ಅಲೈಹಿ ಅನ್ನುವುದರ ಗುರುತು, ದೊಡ್ಡ ಬುಜುರ್ಗರಿಗೆ, ಸೂಫಿಗಳಿಗೆ ಹಾಕುವ ಗೌರವ.

ಫೋಟೋ ತೆಗೆಯುವಾಗ ಮಟಮಟ ಮಧ್ಯಾಹ್ನ ಹೋಗಬೇಡಿ, ರಾಯಚೂರಿನ ಬಿಸಿಲಿಗೆ ಅಕ್ಷರವೇ ಕಾಣುವುದಿಲ್ಲ. ಬೆಳಿಗ್ಗೆ ಬೇಗ ಅಥವಾ ಸಂಜೆ, ಬೆಳಕು ಕಲ್ಲಿಗೆ ಓರೆಯಾಗಿ ಬೀಳುವಾಗ ತೆಗೆಯಿರಿ, ಕೆತ್ತಿದ ಗೆರೆಯಲ್ಲಿ ನೆರಳು ನಿಲ್ಲುತ್ತದೆ. ಕಲ್ಲು ನೆರಳಲ್ಲಿದ್ದರೆ ಮನೆಯ ಕನ್ನಡಿ ಒಯ್ದು ಪಕ್ಕದಿಂದ ಬಿಸಿಲು ಹಾಯಿಸಿ. ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ತಂತಿ ಬ್ರಷ್ಷು, ಆಸಿಡ್ಡು ಅಂತೂ ಮುಟ್ಟಲೇಬೇಡಿ. ಅದರಿಂದ ಈ ಸಲ ಓದಿದ್ದು ಮುಂದಿನ ಸಲ ಇರುವುದೇ ಇಲ್ಲ.

ಪ್ರಶ್ನೆ: ರಿಜಿಸ್ಟರ್ ನಕಲು ಮಾಡುವಾಗ ಅರ್ಧ ಪದಗಳನ್ನು ನಾವೇ ಪೂರ್ತಿ ಮಾಡಿ ಬರೆದರೆ ಓದುವವರಿಗೆ ಸುಲಭ ಅಲ್ವಾ? ಮೂಲ ಪುಸ್ತಕದ ಹಾಳೆ ಹರಿದಿದ್ದರೆ ಬೇರೆ ಎಲ್ಲಾದರೂ ಪ್ರತಿ ಸಿಗುತ್ತದಾ?
– ಹೊಸಪೇಟೆ ರಸ್ತೆ, ಬಳ್ಳಾರಿ

ಉತ್ತರ: ಸುಲಭ ಹೌದು, ಆದರೆ ಹಾಗೆ ಮಾಡಬೇಡಿ. ಕಂಡದ್ದನ್ನು ಕಂಡ ಹಾಗೇ ಒಂದು ಕಾಲಮ್ಮಿನಲ್ಲಿ ಬರೆಯಿರಿ, ಚುಕ್ಕಿ ಇದ್ದರೆ ಚುಕ್ಕಿ, ಗೀಟಿದ್ದರೆ ಗೀಟು. ನಿಮ್ಮ ಊಹೆಯನ್ನು ಪಕ್ಕದ ಕಾಲಮ್ಮಿನಲ್ಲಿ ಹಾಕಿ, ಅನುಮಾನ ಇದ್ದರೆ ಪ್ರಶ್ನೆ ಚಿಹ್ನೆ ಹಾಕಿ. ಓದಲಾಗದ ಅಕ್ಷರಕ್ಕೆ ಒಂದೊಂದು ಗೆರೆ ಬಿಡಿ. ನಾಳೆ ನಿಮ್ಮ ಮೊಮ್ಮಗಳಿಗೆ ನಿಮಗಿಂತ ಚೆನ್ನಾಗಿ ಓದಲು ಬರಬಹುದು, ಅವಳಿಗೆ ಮೂಲ ಅಕ್ಷರ ಬೇಕು. ಎಲ್ಲವನ್ನೂ ಪೂರ್ತಿ ಮಾಡಿಬಿಟ್ಟರೆ ಪುಸ್ತಕದಲ್ಲಿ ಇದ್ದದ್ದು ಯಾವುದು, ನೀವು ಸೇರಿಸಿದ್ದು ಯಾವುದು ಅಂತ ಅವಳಿಗೆ ಹೇಗೆ ಗೊತ್ತಾಗಬೇಕು? ‘ಡಿ-ಒ’ ಅಂತ ಇದ್ದರೆ ಡಿಟ್ಟೊ, ಮೇಲಿನದೇ ಅಂತ ಅರ್ಥ. ಅದನ್ನೂ ಹಾಗೇ ಇಡಿ. ಬರೆದವರು ಅಭ್ಯಾಸಬಲದಿಂದ ಡಿಟ್ಟೊ ಎಳೆದುಕೊಂಡು ಹೋಗಿ ಒಂದು ಸಾಲು ತಪ್ಪಿದ ಸಂದರ್ಭಗಳೂ ಇರುತ್ತವೆ.

ಇನ್ನೊಂದು ಪ್ರತಿಯ ವಿಷಯ. ಬಳ್ಳಾರಿ 1800ರಿಂದ ಮದ್ರಾಸಿಗೆ ಸೇರಿತ್ತು, ಮೈಸೂರಿಗೆ ಬಂದದ್ದು 1953ರ ಅಕ್ಟೋಬರ್ 1ಕ್ಕೆ. ಹಾಗಾಗಿ ಕಂಪನಿ ಮತ್ತು ಬ್ರಿಟಿಷರ ಕಾಲದ ಚರ್ಚ್ ರಿಜಿಸ್ಟರಿನ ನಕಲು ಇಲ್ಲಿಂದ ಮದ್ರಾಸಿಗೆ ಹೋಗಿ, ಅಲ್ಲಿಂದ ಲಂಡನ್ನಿಗೆ ಹೋಗುತ್ತಿತ್ತು. ಅವು ಈಗ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿವೆ, ಮದ್ರಾಸಿನದು ಎನ್/2 ಅನ್ನುವ ಸರಣಿ. ಅಲ್ಲಿ ಯುರೋಪಿಯನ್, ಆಂಗ್ಲೋ ಇಂಡಿಯನ್ ಹೆಸರುಗಳೇ ಜಾಸ್ತಿ. ಗೋರಿಯ ಕಲ್ಲೇ ಬಿದ್ದು ಹೋಗಿದ್ದರೆ, ಮದ್ರಾಸ್ ಪ್ರಾಂತ್ಯದ ಗೋರಿ ಬರಹಗಳನ್ನು ಜೆ.ಜೆ. ಕಾಟನ್ ಅನ್ನುವ ಅಧಿಕಾರಿ 1905ರಲ್ಲಿ ಪಟ್ಟಿ ಮಾಡಿ ಅಚ್ಚು ಹಾಕಿಸಿದ್ದಾರೆ, ಅದನ್ನೂ ನೋಡಿ. ಲಂಡನ್ನಿನ ಪ್ರತಿ ಗುಮಾಸ್ತ ಕೂತು ನಕಲು ಮಾಡಿದ್ದು ಅನ್ನುವುದು ನೆನಪಿರಲಿ. ಅಕ್ಷರ ಚಂದ ಇರುತ್ತದೆ, ಆದರೆ ಗುಮಾಸ್ತನಿಗೆ ತಿಳಿಯದ್ದನ್ನು ಗುಮಾಸ್ತನೂ ಊಹಿಸಿರುತ್ತಾನೆ. ಎರಡೂ ಪ್ರತಿ ಬೇರೆ ಬೇರೆ ಹೇಳಿದರೆ ನಾನು ಬಳ್ಳಾರಿಯ ಹರಿದ ಹಾಳೆಯನ್ನೇ ನಂಬುತ್ತೇನೆ, ಅದನ್ನು ಬರೆದದ್ದು ಮಣ್ಣು ಕೊಟ್ಟ ದಿನಕ್ಕೆ ಹತ್ತಿರ ಇದ್ದವರು.

ಪ್ರಶ್ನೆ: ಅಕ್ಕಾರೇ, ನಮ್ಮದು ಕೊಪ್ಪಳ ಜಿಲ್ಲೆಯ ಲಿಂಗಾಯತ ಮನೆತನ. ಅಟ್ಟದ ಮೇಲೆ ಮುತ್ತಜ್ಜನ ಕಾಲದ ಲೆಕ್ಕದ ಪುಸ್ತಕ ಸಿಕ್ಕಿತು. ಕೊನೆಯ ಹಾಳೆಯಲ್ಲಿ ‘ಲಿಂ|| ಬಸಪ್ಪ ವ|| ಈರಪ್ಪ ಸಾ|| ಕುಕನೂರು ತಾ|| ಯಲಬುರ್ಗಾ ಜಿ|| ರಾಯಚೂರು, ಪ್ಲ|| ಸಂ|| ಶ್ರಾ|| ಶು|| 5 ಸೋ||’ ಅಂತ ಇದೆ. ನಾನು ಲಿಂಗಬಸಪ್ಪ ಮತ್ತು ಈರಪ್ಪ ಅಂತ ಇಬ್ಬರು, ಶುಕ್ರವಾರ ತೀರಿಕೊಂಡರು ಅಂತ ಓದಿಕೊಂಡೆ. ಆದರೆ ಶುಕ್ರವಾರ ಆದಮೇಲೆ ಮತ್ತೆ ಸೋ ಯಾಕಿದೆ? ಕುಕನೂರು ರಾಯಚೂರು ಜಿಲ್ಲೆ ಯಾಕಾಯಿತು? ವಂಶಾವಳಿ ಪೂರ್ತಿ ಮಾಡಿ ಈ ಸಲ ಊರಿಗೆ ಹೋದಾಗ ಎಲ್ಲರಿಗೂ ತೋರಿಸಬೇಕು. (ನಮ್ಮ ಮನೆಯಲ್ಲಿ ನಾಗರ ಪಂಚಮಿ ಮಾಡುವುದಿಲ್ಲ, ಹಾಗಾಗಿ ದೀಪಾವಳಿಗೇ ಎಲ್ಲರೂ ಸೇರುವುದು.)
– ಕೊಪ್ಪಳ

ಉತ್ತರ: ತಮ್ಮಾ, ನೀನು ಬ್ರಾಕೆಟ್ಟಿನಲ್ಲಿ ಹಾಕಿದ ಮಾತೇ ಇಲ್ಲಿ ದೊಡ್ಡ ಮಾತು. ಅದಕ್ಕೆ ಕೊನೆಗೆ ಬರುತ್ತೇನೆ.

‘ಲಿಂ||’ ಹೆಸರಿನ ತುಂಡಲ್ಲ. ಲಿಂಗೈಕ್ಯ. ದಿವಂಗತ ಅನ್ನುವುದಕ್ಕೆ ‘ದಿ||’, ಕೈಲಾಸವಾಸಿ ಅನ್ನುವುದಕ್ಕೆ ‘ಕೈ||’ ಹಾಕುವ ಹಾಗೆ. ಇವತ್ತಿಗೂ ಮಠದ ಆಮಂತ್ರಣ ಪತ್ರಿಕೆಯಲ್ಲಿ ನೋಡಬಹುದು. ಇದನ್ನು ಲಿಂಗಪ್ಪ, ಲಿಂಗಬಸಪ್ಪ ಅಂತ ಓದಿ ವಂಶಾವಳಿಯಲ್ಲಿ ಇಲ್ಲದ ಲಿಂಗಪ್ಪಗಳನ್ನು ಹುಟ್ಟಿಸಿದವರು ಎಷ್ಟೋ ಜನ ಇದ್ದಾರೆ. ನಿನ್ನ ಹಿರಿಯರ ಹೆಸರು ಬಸಪ್ಪ, ಅಷ್ಟೇ.

‘ವ||’ ಅಂದರೆ ಇಲ್ಲಿ ವಲದ್, ಅಂದರೆ ಮಗ. ಬಸಪ್ಪ, ಈರಪ್ಪನ ಮಗ. ನಿನ್ನ ಓದೂ ಪೂರ್ತಿ ದಾರಿ ತಪ್ಪಿದ್ದಲ್ಲ, ಮರಾಠಿ ಬರವಣಿಗೆಯಲ್ಲಿ ‘ವ’ ಅಂದರೆ ಮತ್ತು ಅಂತ ಅರ್ಥ. ಆದರೆ ಮರಾಠಿಯ ಆ ‘ವ’ ಪೂರ್ತಿ ಪದ, ಅದಕ್ಕೆ ಗೀಟು ಬೇಡ. ಇಲ್ಲಿ ಎರಡು ಗೀಟು ಹಾಕಿದ್ದಾರೆ ಅಂದರೆ ಪದ ಇನ್ನೂ ಇದೆ ಅಂತ. ಅದೂ ಅಲ್ಲದೆ ಹಿಂದೆ ಒಂದೇ ಲಿಂ|| ಇದೆ, ಮುಂದೆ ಒಂದೇ ತಿಥಿ ಇದೆ. ಇದೇ ‘ವ||’ ಅಂಕಿಯ ಮುಂದೆ ಬಂದರೆ ವಯಸ್ಸು ಅಂತ ಓದಬೇಕು. ಹಾಗೇ ‘ಸಾ||’ ಸಾಕಿನ್, ಅಂದರೆ ಇರುವ ಊರು. ನಮ್ಮ ಕಡೆ ಪೊಲೀಸ್ ಕಾಗದದಲ್ಲಿ ಈಗಲೂ ‘ಜಾ: ಉ: ಸಾ:’ ಅಂತ ಜಾತಿ, ಉದ್ಯೋಗ, ಊರು ಬರೆಯುತ್ತಾರಲ್ಲ, ಅದೇ. ‘ತಾ||’ ಊರಿನ ಹೆಸರಿನ ಜೊತೆ ಬಂದರೆ ತಾಲೂಕು, ಅಂಕಿಯ ಜೊತೆ ಬಂದರೆ ತಾರೀಖು. ಜಿಲ್ಲೆಯಲ್ಲಿ ತಪ್ಪೇನಿಲ್ಲ, ಕೊಪ್ಪಳ ರಾಯಚೂರಿನಿಂದ ಬೇರೆಯಾದದ್ದು 1997ರಲ್ಲಿ. ದಯವಿಟ್ಟು ಅದನ್ನು ಕೊಪ್ಪಳ ಅಂತ ತಿದ್ದಬೇಡ.

‘ಪ್ಲ|| ಸಂ||’ ಹತ್ತಿರ ನಾನೂ ನಿಂತೆ. ಸಂ ಅಂದರೆ ಸಂವತ್ಸರ. ಆದರೆ ಅರವತ್ತು ಸಂವತ್ಸರಗಳಲ್ಲಿ ಪ್ಲವ ಇದೆ, ಪ್ಲವಂಗವೂ ಇದೆ. ಪ್ಲವ 1901ರಲ್ಲಿ ಬಂತು, 1961ರಲ್ಲಿ ಬಂತು, ಮೊನ್ನೆ 2021ರಲ್ಲಿ ಬಂತು. ಪ್ಲವಂಗ 1907, 1967. ಬರೆದದ್ದು ಮುತ್ತಜ್ಜನ ಕೈ ಆದ್ದರಿಂದ 1901 ಇಲ್ಲವೇ 1907. ಶಕ ವರ್ಷದ ಅಂಕಿ ಎಲ್ಲಾದರೂ ಇದ್ದರೆ ಕೆಲಸ ಮುಗಿಯಿತು, ಶಕ 1823 ಪ್ಲವ, 1829 ಪ್ಲವಂಗ, 78 ಕೂಡಿಸಿದರೆ ಇಸವಿ. ಇಲ್ಲದಿದ್ದರೆ ವಾರ ಹಿಡಿದು ಹೊರಡಬೇಕು.

ಈಗ ಕೊನೆಯ ತುಂಡು. ‘ಶು||’ ಶುಕ್ರವಾರ ಅಲ್ಲ, ಶುದ್ಧ, ಅಂದರೆ ಅಮಾವಾಸ್ಯೆ ಆದಮೇಲಿನ ಪಕ್ಷ. ‘ಬ||’ ಅಂತ ಇದ್ದಿದ್ದರೆ ಬಹುಳ, ಹುಣ್ಣಿಮೆ ಆದಮೇಲಿನದು. ‘ಸೋ||’ ಸೋಮವಾರ. ಈಗ ಕೂಡಿಸಿ ಓದು. ಶ್ರಾವಣ ಶುದ್ಧ ಐದು, ಸೋಮವಾರ.

ಶ್ರಾವಣ ಶುದ್ಧ ಪಂಚಮಿ ಅಂದರೆ ನಾಗರ ಪಂಚಮಿ, ತಮ್ಮಾ. ಊರೆಲ್ಲ ಜೋಕಾಲಿ ಕಟ್ಟಿ, ಹುತ್ತಕ್ಕೆ ಹಾಲೆರೆಯುವ ದಿನ ನಿಮ್ಮ ಮನೆಯಲ್ಲಿ ಬಸಪ್ಪಜ್ಜ ಲಿಂಗೈಕ್ಯರಾದರು. ಹಬ್ಬದ ದಿನ ಮನೆಯಲ್ಲಿ ಸಾವಾದರೆ ಆ ಹಬ್ಬವನ್ನೇ ಬಿಡುವ ಪದ್ಧತಿ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಇದೆ. ನಿಮ್ಮ ಮನೆಯಲ್ಲಿ ಪಂಚಮಿ ಯಾಕಿಲ್ಲ ಅನ್ನುವುದಕ್ಕೆ ಕಾರಣ ಈ ಸಾಲೇ ಅಂತ ನನಗೆ ಅನಿಸುತ್ತಿದೆ. ಆದರೂ ವಂಶಾವಳಿಯಲ್ಲಿ ಅದನ್ನು ಪ್ರಶ್ನೆ ಚಿಹ್ನೆ ಹಾಕಿಯೇ ಬರಿ, ಮನೆಯ ಹಿರಿಯರನ್ನು ಕೇಳುವ ತನಕ.

1901ರ ಪಂಚಮಿಯೂ 1907ರ ಪಂಚಮಿಯೂ ಒಂದೇ ವಾರ ಬರುವುದಿಲ್ಲ. ಎರಡೂ ವರ್ಷದ ಹಳೇ ಪಂಚಾಂಗ ನೋಡಿದರೆ ಸೋಮವಾರ ಯಾವುದಕ್ಕೆ ಕೂಡುತ್ತದೆ ಅಂತ ತಿಳಿಯುತ್ತದೆ. ಜೋಯಿಸರ ಮನೆಯಲ್ಲೋ ಮಠದಲ್ಲೋ ಕೇಳು. ನಿಮ್ಮ ಮನೆತನಕ್ಕೆ ಹೆಳವರು, ಅಂದರೆ ವಂಶಾವಳಿ ಹೇಳುವವರು, ಬರುತ್ತಿದ್ದರೆ ಅವರ ಹತ್ತಿರವೂ ಬಸಪ್ಪ, ಈರಪ್ಪ ಅನ್ನುವ ಹೆಸರು ಯಾವ ಸಾಲಿನಲ್ಲಿ ಬರುತ್ತದೆ ಅಂತ ಕೇಳಿ ಬರೆದುಕೋ. ಮನೆಯ ಹಿರಿಯ ಹೆಣ್ಣುಮಕ್ಕಳನ್ನು ಒಂದು ಮಾತು ಕೇಳು, ಪಂಚಮಿಗೆ ಉಂಡಿ ಕಟ್ಟುವುದು ಯಾವಾಗಿನಿಂದ ನಿಂತಿತು, ಯಾರು ಹೋದಮೇಲೆ ಅಂತ. ಆ ಹಾಳೆಯ ಹಿಂಬದಿಯ ಫೋಟೋ ಕೂಡ ಕಳಿಸು, ಅಲ್ಲಿ ಇನ್ನೊಂದು ‘ಲಿಂ||’ ಮಸುಕಾಗಿ ಕಾಣುತ್ತಿದೆ.